ಅವ್ವ ಒಳಗಿದ್ದಾಗ ಜಾಕಿ ಹಚ್ಚಬಾರದು

ಗುರುವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಅವ್ವ ಇರಲಿಲ್ಲ.

"ಎಲ್ಲಿ ಅವ್ವ?" ಅಂದೆ.

"ಬೀದರಿಗೆ ಹೋದ್ರು," ಅಂದಳು ಹೆಂಡತಿ, ರೊಟ್ಟಿ ಬಡಿಯುತ್ತ.

ಬೀದರಿಗೆ ಹೊರಡಬೇಕಾದದ್ದು ನಾವೆಲ್ಲ ಕೂಡಿ, ಮರುದಿನ ಬೆಳಿಗ್ಗೆ. ಹೋಗುವ ಜೀಪು ನನ್ನ ಗೆಳೆಯನದು. ಅವನು ಕಾರ್ಖಾನೆಯಲ್ಲಿ ನನ್ನ ಪಕ್ಕದ ಶೆಡ್ಡಿನಲ್ಲೇ ಕೈ ತೊಳೆಯುತ್ತಿದ್ದುದನ್ನು ಆಗಷ್ಟೇ ನೋಡಿ ಬಂದಿದ್ದೆ. ನನ್ನ ಮುಖ ನೋಡಿ ಹೆಂಡತಿಗೆ ನಗು ಬಂತು.

"ಗಾಡಿಮನ್ಯಾಗ ಹೋಗಿ ಕುಂತಾರ್ರಿ. ನಾಳೆ ಶುಕ್ರವಾರ, ಪಡುವಣ ದಿಕ್ಕಿಗೆ ಹೊಂಡಬಾರದಂತ. ಅದಕ್ಕ ಇವತ್ತ ಪರಸ್ತಾನ ಮಾಡ್ಯಾರ."

ಪರಸ್ತಾನ ನಮ್ಮ ಕಡೆಯ ಹಳೆಯ ಉಪಾಯ. ಹೊರಡುವ ದಿನ ಚಲೋ ಇಲ್ಲದಿದ್ದರೆ, ಅದಕ್ಕೂ ಮೊದಲಿನ ಒಳ್ಳೆಯ ದಿನ ಒಂದು ಗಂಟು ಕಟ್ಟಿ ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟಿನಲ್ಲಿ ಒಂದಿಷ್ಟು ಅಕ್ಕಿ, ಅಡಿಕೆ, ಒಂದು ಅರಿವೆ. ಗಂಟು ಹೊರಟಿತು ಅಂದರೆ ಪ್ರಯಾಣ ಶುರುವಾದ ಹಾಗೆ. ಮನುಷ್ಯ ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ಆದರೆ ಆ ಗಂಟು ಮರಳಿ ಮನೆಗೆ ಬಂತೋ, ಪ್ರಯಾಣ ಮುರಿದಂತೆಯೇ. ಉಳಿದ ಮಂದಿ ಗಂಟು ಇಡುತ್ತಾರೆ. ನಮ್ಮ ಅವ್ವನಿಗೆ ಗಂಟಿನ ಮೇಲೆ ಭರವಸೆ ಸಾಲದೆ ತಾನೇ ಹೋಗಿ ಕೂತಿದ್ದಳು.

ಗಾಡಿಮನೆಯೆಂದರೆ ಎರಡು ಗಾಲಿಯ ಮೇಲಿನ ಒಂದು ಖೋಲಿ. ನಮ್ಮ ಕಾರ್ಖಾನೆಯಲ್ಲಿ ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಇಂಜಿನಿಯರ್ ಒಬ್ಬ ಅದನ್ನು ತರಿಸಿಕೊಂಡಿದ್ದ. ಒಳಗೆ ಎರಡು ಮಂಚ, ಮಡಿಚುವ ಮೇಜು, ನೀರಿನ ಟಾಕಿ, ಕಿಟಕಿಗೆ ಹೂವಿನ ಪರದೆ. ತನ್ನ ಇಂಜಿನ್ ಅಂತ ಇಲ್ಲ, ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯಬೇಕು. ಅವನು ತನ್ನ ದೇಶಕ್ಕೆ ಹೋಗುವಾಗ ನೌಕರರ ಕ್ಲಬ್ಬಿಗೆ ಬಿಟ್ಟುಹೋದ. ಲಿಂಗಂಪಲ್ಲಿ ಕಡೆಯ ನಮ್ಮ ಕಾಲನಿಯ ಗೇಟಿನಿಂದ ತುಸು ಒಳಗೆ, ಕ್ಲಬ್ಬಿನ ಮುಂದೆ ಅದು ನಿಂತಿರುತ್ತಿತ್ತು. ರಜೆಯಲ್ಲಿ ಯಾರಾದರೂ ನಾಗಾರ್ಜುನಸಾಗರಕ್ಕೋ ಎಲ್ಲಿಗೋ ಒಯ್ಯುತ್ತಿದ್ದರು. ಹೆಚ್ಚಾಗಿ ಅದರ ನೆರಳಿನಲ್ಲಿ ನಾಯಿ ಮಲಗುತ್ತಿತ್ತು.

ಮದುವೆಗೆ ಹೋಗಲು ಇಂಥದೊಂದು ಗಾಡಿ ಯಾಕೆ ಬೇಕಾಯಿತು ಅಂದರೆ, ಅವ್ವನ ಆಣೆಯ ಕಥೆ ಹೇಳಬೇಕು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಫರಸಿ ಕಲ್ಲಿನ ಗಣಿಯಲ್ಲಿ ದುಡಿದ, ಅವ್ವ ಮಂದಿ ಹೊಲದಲ್ಲಿ ಕಳೆ ತೆಗೆದಳು. ಊರಲ್ಲಿ ಹೈಸ್ಕೂಲಿಲ್ಲ ಅಂತ ಬೀದರಿನ ಚಿಗವ್ವ, ಅಂದರೆ ಅವ್ವನ ಸ್ವಂತ ತಂಗಿ, ನನ್ನನ್ನು ತನ್ನ ಮನೆಯಲ್ಲಿಟ್ಟುಕೊಂಡು ಓದಿಸಿದಳು. ಅಲ್ಲಿಂದ ಹೈದರಾಬಾದಿಗೆ ಬಂದು, ನಾರಾಯಣಗೂಡದ ಒಂದು ಕತ್ತಲೆ ಖೋಲಿಯಲ್ಲಿ ಹುಡುಗರಿಗೆ ಗಣಿತ ಹೇಳಿಕೊಡುತ್ತ, ಹರಿದ ಹಳೇ ಪುಸ್ತಕ ಓದುತ್ತ ಬಿ.ಇ. ಮುಗಿಸಿದೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲೇ ತೂಗು ಹಾಕಿದವಳು ಅವ್ವ. ದೇವರಿಗೆ ಬೆಳಗಿದ ಊದಿನಕಡ್ಡಿಯನ್ನು ಅದಕ್ಕೂ ಒಂದು ಸುತ್ತು ತಿರುವುತ್ತಿದ್ದಳು.

ಅಂಥ ಬಿ.ಇ. ಮಗನ ಮದುವೆಯಲ್ಲಿ ಚಿಗವ್ವ ಪಂಗತಿಗೆ ಕೂತು, ಬೀಗರಿಗೆಲ್ಲ ಕೇಳುವಂತೆ, "ಅಕ್ಕಾ, ಹೋಳಿಗಿ ಸ್ವಲ್ಪ ಸೆಟದಾವ ನೋಡ," ಅಂದುಬಿಟ್ಟಳು. ಗಟ್ಟಿಯಾಗಿವೆ ಅಂತ.

ಅವ್ವ ಕೈಯಲ್ಲಿದ್ದ ತುಪ್ಪದ ಗಿಂಡಿ ನೆಲಕ್ಕಿಟ್ಟಳು. "ಸೆಟದಾವೇನ? ಇವತ್ತಿಂದ ನಿನ್ನ ಹೊಸ್ತಿಲಾ ತುಳಿಯಂಗಿಲ್ಲ. ನಿನ್ನ ಸೂರಿನ ಕೆಳಗ ಮಲಗಂಗಿಲ್ಲ. ನಿನ್ನ ಊರ ನೀರು ಬಾಯಾಗ ಹಾಕಂಗಿಲ್ಲ!"

ನಮಗೆ ಎರಡು ಮಕ್ಕಳಾದವು, ಅವು ಸಾಲಿಗೆ ಹೋಗತೊಡಗಿದವು, ಆಣೆ ಅಲ್ಲಾಡಲಿಲ್ಲ. ತಂಗಿ ಅನ್ನುವ ಶಬ್ದವೇ ನಮ್ಮ ಮನೆಯಲ್ಲಿ ನಿಂತುಹೋಯಿತು. ತೀರ ಅಗತ್ಯ ಬಿದ್ದರೆ "ಆ ಬೀದರದಾಕಿ" ಅನ್ನುತ್ತಿದ್ದಳು.

ಈಗ ಚಿಗವ್ವನ ಒಬ್ಬಳೇ ಮಗಳ ಮದುವೆ. ಚಿಗಪ್ಪ ಖುದ್ದಾಗಿ ಬಂದು ಲಗ್ನಪತ್ರಿಕೆ ಕೊಟ್ಟು ಹೋದ. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ಅಂದಿನಿಂದ ಚೀಲಕ್ಕೆ ಸೀರೆ ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು ನಡೆಯಿತು. ಈ ಮದುವೆಗೂ ಹೋಗದಿದ್ದರೆ ಅಕ್ಕತಂಗಿಯರ ಕಥೆ ಮುಗಿದ ಹಾಗೇ ಅಂತ ನನಗೆ ಗೊತ್ತಿತ್ತು. ನನಗೆ ಅನ್ನ ಹಾಕಿದ ಮನೆ ಅದು. ಆಗ ನನಗೊಂದು ವಿಚಾರ ಹೊಳೆಯಿತು.

"ಅವ್ವಾ, ಗಾಡಿಮನಿ ಒಯ್ಯೋಣು. ಸೂರು ನಮ್ದು, ಹೊಸ್ತಿಲಾ ನಮ್ದು, ಟಾಕಿಯೊಳಗ ನಮ್ಮ ನಳದ ನೀರು. ಹಂದರದ ಮುಂದ ನಿಲ್ಲಸ್ತೀವಿ. ನೀ ಕಿಟಕ್ಯಾಗಿಂದ ಅಕ್ಕಿಕಾಳು ಒಗಿ."

"ಬಿ.ಇ. ಓದಿಸಿದ್ದು ಹುಸಿ ಹೋಗಲಿಲ್ಲ ಬಿಡು," ಅಂದಳು ಅವ್ವ.

ಅಷ್ಟೆಲ್ಲ ಸರಿಯಾಗಿ ನಡೆದಿತ್ತು. ಒಂದೇ ಕೆಲಸ ಉಳಿದಿತ್ತು: ಗಾಲಿ. ತಿಂಗಳುಗಟ್ಟಲೆ ನಿಂತೇ ಇದ್ದ ಗಾಡಿಯನ್ನು ಹಾಗೇ ರಸ್ತೆಗೆ ಬಿಡಬಾರದು. ಗಾಲಿ ಬಿಚ್ಚಿ, ಬೇರಿಂಗ್ ತೊಳೆದು, ಹೊಸ ಗ್ರೀಸ್ ತುಂಬಬೇಕು. ಬೇರಿಂಗ್ ಒಣಗಿ ನಡುದಾರಿಯಲ್ಲಿ ಗಾಲಿ ಕಿತ್ತುಹೋದರೆ ಸದಾಶಿವಪೇಟೆಯ ಹೊಲದಲ್ಲಿ ಸಂಸಾರ ಹೂಡಬೇಕಾಗುತ್ತದೆ. ಗುರುವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿದ್ದು ಅದಕ್ಕೇ. ಗಾಲಿ ಬಿಚ್ಚಲು ಜಾಕಿಯಿಂದ ಗಾಡಿ ಎತ್ತಬೇಕು. ಎತ್ತುವಾಗ ಒಳಗೆ ಯಾರೂ ಇರಬಾರದು.

ಒಳಗೆ ಅವ್ವ ಇದ್ದಳು.

ನಾನು ಹೋಗುವಷ್ಟರಲ್ಲಿ ಗೆಳೆಯ ಜೀಪು ತಂದು ಕೊಂಡಿ ಹಾಕಿದ್ದ. ಅವನು ಮೈಸೂರು ಕಡೆಯವನು. ಕಿಟಕಿಯಲ್ಲಿ ಅವ್ವ, ಕೆಳಗೆ ಅವನು, ಇಬ್ಬರೂ ಅವಲಕ್ಕಿ ತಿನ್ನುತ್ತಿದ್ದರು.

"ಅವ್ವಾ, ಒಂದೀಟು ಇಳಿ. ಗಾಲಿ ಬಿಚ್ಚಬೇಕು."

"ಬಿಚ್ಚು. ನಾ ಬ್ಯಾಡ ಅಂದ್ನೇನ?"

"ನೀ ಒಳಗಿದ್ರ ಎತ್ತಾಕ ಬರಂಗಿಲ್ಲ."

"ಯಾಕ, ನಾ ಅಷ್ಟು ಭಾರ ಅದೀನೇನ? ಬಿ.ಇ. ಓದಿ ಮುದುಕೀನ್ನ ಎತ್ತಾಕ ಆಗವಲ್ದು?"

"ಅಲ್ಲಾ ಕಣ್ರೀ," ಅಂದ ಗೆಳೆಯ, "ಕಾರಲ್ಲಿ ಜನ ಕೂತಿರೋವಾಗ್ಲೇ ನಮ್ಮ ರೋಡ್ ಸೈಡಲ್ಲಿ ಟಯರ್ ಬದಲಾಯಿಸ್ತಾರೆ. ಅಮ್ಮ ಹಗುರವಾಗೇ ಇದಾರೆ. ಅಲ್ಲದೆ ಮೂಲೆಗೊಂದು ಕಾಲು ಇದೆಯಲ್ಲ, ಅವನ್ನೇ ತಿರುಗಿಸಿ ಎತ್ತಿಬಿಡಿ."

ನಾನು ತಾಳ್ಮೆಯಿಂದ ಹೇಳಿದೆ. ಕಾರಿಗೆ ನಾಲ್ಕು ಗಾಲಿ, ಒಂದೆತ್ತಿದರೆ ಮೂರು ಉಳಿಯುತ್ತವೆ. ಇದಕ್ಕಿರುವುದೇ ಎರಡು. ಒಂದೆತ್ತಿದರೆ ಇಡೀ ಮನೆ ಒಂದು ಗಾಲಿ, ಒಂದು ಕೊಂಡಿ, ಒಂದು ಜಾಕಿಯ ಮೇಲೆ ನಿಂತಿರುತ್ತದೆ. ಒಳಗಿನ ಮನುಷ್ಯ ಅತ್ತಿಂದಿತ್ತ ಎದ್ದು ಹೋದರೆ ಭಾರ ಸರಿದು ಜಾಕಿ ವಾಲುತ್ತದೆ. ಮೂಲೆಯ ಕಾಲುಗಳು ನಿಂತ ಗಾಡಿ ಅಲುಗಾಡದಿರಲಿ ಅಂತ ಇವೆ, ಎತ್ತುವುದಕ್ಕಲ್ಲ, ಎತ್ತಿದರೆ ಬಾಗುತ್ತವೆ. ಹೀಗೆ ಹೇಳುತ್ತ ಹೇಳುತ್ತ ನನಗೆ ಕಾಲೇಜಿನ ಹುರುಪೇ ಬಂದು, ನೆಲದ ಮೇಲೆ ಕಡ್ಡಿಯಿಂದ ಚಿತ್ರ ಕೂಡ ಬರೆದೆ.

"ಚಂದ ಬರದಿ," ಅಂದಳು ಅವ್ವ ಕಿಟಕಿಯಿಂದ. "ಆದ್ರ ನಾ ಇಳಿಯಂಗಿಲ್ಲ. ಇಳದ್ರ ಪರಸ್ತಾನ ಮುರೀತೈತಿ."

ಹೆಂಡತಿ ನನ್ನನ್ನು ಜೀಪಿನ ಮರೆಗೆ ಕರೆದಳು. "ಒತ್ತಾಯ ಮಾಡಬ್ಯಾಡ್ರಿ. ಇದು ದಿನದ ಮಾತಲ್ಲ, ಶುಕ್ರವಾರದ ಮಾತೂ ಅಲ್ಲ. ಅತ್ತಿಯವರು ಎಷ್ಟು ಸಲ ಚೀಲ ತುಂಬಿ ಬಿಚ್ಚಿದ್ರು ನೋಡೀರಿಲ್ಲ? ಇವತ್ತ ಹ್ಯಾಂಗೋ ಧೈರ್ಯ ಮಾಡಿ ಹತ್ಯಾರ. ಈಗ ಇಳದ್ರ ಮತ್ತ ಹತ್ತಂಗಿಲ್ಲ."

ಎತ್ತದೆ ಮಾಡಬಹುದಾದ ಕೆಲಸವನ್ನಾದರೂ ಮಾಡೋಣ ಅಂತ ಶುರುಮಾಡಿದೆ. ನೆಲ ಸಿಮೆಂಟಿನದು, ಮಟ್ಟಸ. ಜೀಪಿಗೆ ಹ್ಯಾಂಡ್ ಬ್ರೇಕ್ ಎಳೆದು ಗಿಯರಿನಲ್ಲಿ ನಿಲ್ಲಿಸಿದೆ. ಆಚೆ ಬದಿಯ ಗಾಲಿಗೆ ಹಿಂದೊಂದು ಮುಂದೊಂದು ಕಟ್ಟಿಗೆ ತುಂಡು ಬಿಗಿಯಾಗಿ ಕೊಟ್ಟೆ. ಈಚೆ ಗಾಲಿಯ ನಟ್ಟುಗಳನ್ನು, ಗಾಲಿ ನೆಲದ ಮೇಲಿರುವಾಗಲೇ, ಪಾನಾ ಹಾಕಿ ಕಾಲಿನಿಂದ ತುಳಿದು ಸಡಿಲ ಮಾಡಿದೆ. ಗಾಲಿ ಮೇಲೆದ್ದ ಮೇಲೆ ತುಳಿದರೆ ಗಾಡಿಯೇ ಜಗ್ಗಿ ಕೆಳಗೆ ಬರುತ್ತದೆ. ದಪ್ಪ ಹಲಗೆ ಹಾಕಿ, ಅದರ ಮೇಲೆ ಜಾಕಿ ಇಟ್ಟು, ಅಡಿಗಟ್ಟಿನ ಗಟ್ಟಿ ಜಾಗಕ್ಕೆ ತಾಗಿಸಿ, ಅಲ್ಲಿಗೆ ಬಿಟ್ಟೆ. ಎತ್ತಿದ ಮೇಲೆ ಕೆಳಗೆ ಕೊಡಲು ಕಬ್ಬಿಣದ ಸ್ಟ್ಯಾಂಡು ಬೇಕಿತ್ತು, ಗ್ಯಾರೇಜಿನವರು ಘೋಡಿ ಅನ್ನುತ್ತಾರೆ. ಬರೀ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಕೈ ಹಾಕಬಾರದು. ಅದನ್ನು ತರಲು ಕ್ಲಬ್ಬಿನ ಒಳಗೆ ಹೋದೆ.

ಹೊರಗೆ ಬರುವಷ್ಟರಲ್ಲಿ ನನ್ನ ಗೆಳೆಯ ಜಾಕಿಯ ಹಿಡಿ ಒತ್ತುತ್ತಿದ್ದ. "ಬೆರಳಷ್ಟೇ ಎತ್ತಿ ನೋಡೋಣ ಅಂತ ಸ್ವಾಮಿ, ಏನೂ ಆಗಲ್ಲ," ಅಂದ. ಸರಿಯಾಗಿ ಅದೇ ಹೊತ್ತಿಗೆ ಅವ್ವನಿಗೆ ನೀರಡಿಕೆಯಾಗಿ ಈ ಮಂಚದಿಂದ ಎದ್ದು ಆಚೆ ಮೂಲೆಗೆ ನಡೆದಳು. ಗಾಡಿಮನೆ ಒಂದು ಸಲ ತೂಗಿತು. ಜಾಕಿಯ ತಲೆ ಓರೆಯಾಯಿತು. ಒಳಗೆ ಡಬ್ಬಿಯೊಂದು ಉರುಳಿ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಪುಡಿ ಕಿಟಕಿಯಿಂದ ಗೆಳೆಯನ ತಲೆಯ ಮೇಲೆ ಸುರಿಯಿತು.

"ಏ ಯಾರೋ ಅದು!" ಅಂದಳು ಅವ್ವ ಒಳಗಿಂದ. "ಮುದುಕೀನ್ನ ತೊಟ್ಟಲ್ದಾಗ ಹಾಕಿ ತೂಗಾಕತ್ತೀರೇನ?"

ನಾನು ಕೂಗಿದ್ದು ಲಿಂಗಂಪಲ್ಲಿ ಸ್ಟೇಶನ್ನಿಗೆ ಕೇಳಿರಬೇಕು. ಜಾಕಿ ಇಳಿಸಿದೆ. ಗೆಳೆಯ ಹಿಂಡಿ ಕೊಡವಿಕೊಳ್ಳುತ್ತ, "ನೀವು ಬರೆದ ಚಿತ್ರ ಸರಿಯಾಗೇ ಇತ್ತು ಕಣ್ರೀ," ಅಂದ. ಇಷ್ಟು ವರ್ಷದಲ್ಲಿ ಅವನು ನನ್ನ ಮಾತು ಒಪ್ಪಿದ್ದು ಅದೇ ಮೊದಲು.

ಅವ್ವನ ಮುಖ ಸ್ವಲ್ಪ ಬಿಳಚಿತ್ತು. ಆದರೂ, "ಬಿದ್ದರೂ ಬೀದರ ಕಡೀಗೆ ಬೀಳ್ತೀನಿ. ಮನಿ ಕಡೀಗೆ ಹೆಜ್ಜಿ ಹಿಂದ ಇಡಂಗಿಲ್ಲ," ಅಂದಳು.

"ಮುಂದ ಇಡ್ತೀಯೇನ?" ಅಂದೆ.

"ಅಂದ್ರ?"

"ಗೇಟು ಪಡುವಣಕ್ಕೈತಿ. ಗೇಟಿನ ಹಂತ್ಯಾಕ ಬಸ್ಸಿನ ಕಟ್ಟಿ ಐತಿ. ಅಲ್ಲಿ ಹೋಗಿ ಕುಂತ್ರ ಬೀದರಿಗೆ ಇನ್ನಷ್ಟು ಸನೇ ಹೋದಂಗ ಆತು. ಪರಸ್ತಾನ ಮುರಿಯೋದಿರಲಿ, ಬೆಳೀತೈತಿ."

ಅವ್ವ ಮಾತಿನಲ್ಲಿ ಹುಳುಕು ಎಲ್ಲಿದೆ ಅಂತ ಹುಡುಕಿದಳು. "ಆದ್ರ ನೆಲಕ್ಕ ಕಾಲು ಹಚ್ಚಂಗಿಲ್ಲ. ಇಳದ್ರ ಇಳದಂಗ."

"ಜೀಪಲ್ಲಿ ಕೂರಿಸಿಬಿಡಿ," ಅಂದ ಗೆಳೆಯ.

"ಜೀಪು ಕೊಂಡಿಗೆ ಸಿಕ್ಕೈತಿ. ಅದೂ ಅಲ್ಲಾಡಬಾರದು," ಅಂದೆ. ಅವನು ಕೂಡಲೇ ಒಪ್ಪಿದ. ಎರಡನೇ ಸಲ!

ಕ್ಲಬ್ಬಿನಿಂದ ಹಿಡಿಕೆಯ ಕುರ್ಚಿ ತಂದೆವು. ಬಾಗಿಲ ಮೆಟ್ಟಿಲಿಗೆ ತಾಗಿಸಿ ಇಟ್ಟ ಕೂಡಲೇ ಅವ್ವ ಮಹಾರಾಣಿಯಂತೆ ಬಂದು ಕೂತಳು, ಮಡಿಲಲ್ಲಿ ಗಂಟು. ನಾನು, ಗೆಳೆಯ, ಗೇಟಿನ ವಾಚ್‌ಮನ್ ಸೇರಿ ಎತ್ತಿದೆವು.

"ಕ್ಯಾ ಹುವಾ ಸಾಬ್? ದವಾಖಾನಾ?" ಅಂದ ವಾಚ್‌ಮನ್ ಕಳವಳದಿಂದ.

"ನಹೀ, ಶಾದಿ," ಅಂದೆ.

ಅವನು ಅವ್ವನನ್ನೂ ನನ್ನನ್ನೂ ನೋಡಿ ಕುರ್ಚಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವ್ವ ಚೀರಿದಳು: "ಏ ತಿರಗಸ್ರೋ! ಮಾರಿ ಮನಿ ಕಡೀಗೈತಿ! ಹಿಂಗ ಒಯ್ದ್ರ ನಾ ಮನಿಗೇ ಹೊಂಟಂಗ ಆತು!" ನಡುದಾರಿಯಲ್ಲಿ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದೆವು. ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ನಮ್ಮ ಶೆಡ್ಡಿನ ಸುಪರ್ವೈಸರ್ ಇಳಿದು, ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ನಿಂತ. ಅವ್ವ ಅವನಿಗೆ ಕೈ ಮುಗಿದ ಮೇಲೆ ಪಾಪ, ಟೊಪ್ಪಿಗೆ ಮತ್ತೆ ಹಾಕಿಕೊಂಡ.

ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿ ಬಂದು ನಾನು ಗಾಡಿ ಎತ್ತಿದೆ. ಘೋಡಿ ಕೊಟ್ಟು, ಜಾಕಿ ತುಸು ಇಳಿಸಿ, ಭಾರ ಅದರ ಮೇಲೆ ಕೂತಿತೋ ಇಲ್ಲವೋ ಅಂತ ಕೈಯಿಂದ ನೂಕಿ ನೋಡಿ ಗಾಲಿ ಬಿಚ್ಚಿದೆ. ಒಳಗಿನ ಗ್ರೀಸು ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಚಿಮಣಿ ಎಣ್ಣೆಯಲ್ಲಿ ಬೇರಿಂಗ್ ತೊಳೆಯುತ್ತ ಕೂತೆ. ಕಟ್ಟೆ ಅಲ್ಲಿಂದ ಕೂಗಳತೆಗೂ ಕಡಿಮೆ ದೂರ, ಮಾತೆಲ್ಲ ಕೇಳಿಸುತ್ತಿತ್ತು.

ಅದು ಪಾಳಿ ಬಿಡುವ ಹೊತ್ತು. ಕಾರ್ಖಾನೆಯ ಬಸ್ಸುಗಳು ಬಂದು ಮಂದಿಯನ್ನು ಇಳಿಸುವುದು ಆ ಕಟ್ಟೆಯ ಮುಂದೆಯೇ. ಇಲಕಲ್ಲ ಸೀರೆ ಉಟ್ಟು, ಮೂಗಿನ ತುಂಬ ನತ್ತು ಇಟ್ಟು, ಗಂಟು ಹಿಡಿದು ಕೂತ ಮುದುಕಿಯನ್ನು ಕೇಳದೆ ಹೋಗುವವರು ಯಾರು?

"ಎಕ್ಕಡಿಕಿ ಪೆದ್ದಮ್ಮಾ?" ಮೊದಲು ಕೇಳಿದವಳು ಪಕ್ಕದ ಬ್ಲಾಕಿನ ತೆಲುಗು ನರ್ಸು.

"ಬೀದರ್," ಅಂದಳು ಅವ್ವ.

"ಏಮಿ ಪನಿ?"

"ಊರಿಕೇ." ಏನು ಕೆಲಸ ಅಂದದ್ದಕ್ಕೆ ಸುಮ್ಮನೆ ಅಂತೆ.

ಎರಡನೇ ಬಸ್ಸು ಬಂತು. ಯಾರೋ ಕೇಳಿದರು. "ಪೆಳ್ಳಿ," ಅಂದಳು. ಯಾರ ಮದುವೆ ಅಂದದ್ದಕ್ಕೆ "ಮಾವಾಳ್ಳು" ಅಂದಳು. ನಮ್ಮವರು. ಹೊರಗಿನವರೊಂದಿಗೆ ತೆಲುಗಿನಲ್ಲಿ ಜಾರಿಕೊಳ್ಳುವುದು ಅವ್ವನಿಗೆ ಸಲೀಸಾಗಿತ್ತು.

ಮೂರನೆಯ ಬಸ್ಸಿನಿಂದ ಇಳಿದವಳು ಗುಲ್ಬರ್ಗಾ ಕಡೆಯ ಟೈಪಿಸ್ಟ್ ಬಾಯಿ. ಆಕೆ ಒಂದು ಮಾತು ಹಿಡಿದರೆ ಬೇರು ಕಿತ್ತೇ ಬಿಡುವವಳು.

"ಯಾರ ಮದುವಿರಿ ಅವ್ವಾರ?"

"ಒಂದು ಹುಡುಗಿದು."

"ಯಾ ಹುಡುಗಿದ್ರಿ?"

"ಅದ... ಬೀದರ ಹುಡುಗಿದು."

"ಬೀದರದಾಗ ಭಾಳ ಹುಡುಗ್ಯಾರದಾರಲ್ರಿ. ನಿಮಗೇನಾಗಬೇಕು?"

ಅವ್ವ ಗಂಟನ್ನು ಆ ತೊಡೆಯಿಂದ ಈ ತೊಡೆಗೆ ಇಟ್ಟಳು. ಆಮೇಲೆ ಅಂದಳು, "ನನ್ನ ತಂಗಿ ಮಗಳು."

"ಅಯ್ಯ! ನಿಮಗ ತಂಗಿ ಅದಾರೇನ್ರಿ? ಇಷ್ಟು ವರ್ಷಾತು, ಒಂದ ದಿನ ಹೇಳ್ಲಿಲ್ಲ!"

ನನ್ನ ಅಂಗೈ ತುಂಬ ಗ್ರೀಸಿತ್ತು, ಬೇರಿಂಗನ್ನು ಅದಕ್ಕೆ ಒತ್ತುತ್ತಿದ್ದವನು ಕೈ ನಿಲ್ಲಿಸಿ ಕಿವಿಗೊಟ್ಟೆ. ಹೆಂಡತಿಯೂ ಚಿಂದಿ ಅರಿವೆ ಹಿಡಿದು ಅತ್ತ ತಿರುಗಿದಳು.

"ಅದಾಳವಾ," ಅಂದಳು ಅವ್ವ. "ಒಬ್ಬಾಕಿನ ಅದಾಳ. ನಮ್ಮ ಹುಡುಗನ್ನ ಹೈಸ್ಕೂಲಿಗೆ ಹಾಕಿದಾಕಿ ಆಕೀನ. ನಸುಕಿನ್ಯಾಗ ಎದ್ದು ಬುತ್ತಿ ಕಟ್ಟತಿದ್ಲು."

ಅಲ್ಲಿಂದ ಮಾತು ನಿಲ್ಲಲಿಲ್ಲ. ತಂಗಿ ಸಣ್ಣವಳಿದ್ದಾಗ ಹುಣಸೆ ಗಿಡದಿಂದ ಬಿದ್ದದ್ದು, ತಾನು ಹೊತ್ತುಕೊಂಡು ಓಡಿದ್ದು, ತಂಗಿಗೆ ಅಳಿಯನಾಗುವ ಹುಡುಗ ಬ್ಯಾಂಕಿನಲ್ಲಿರುವುದು. ಬಸ್ಸುಗಳು ಬಂದ ಹಾಗೆ ಕೇಳುವವರು ಹೆಚ್ಚಾದರು. ನಾನು ಒಂದು ಗಾಲಿ ಮುಗಿಸಿ, ಇಳಿಸಿ, ಆಚೆ ಗಾಲಿಗೆ ಹೋದೆ. ಅಲ್ಲೂ ಅದೇ ಕ್ರಮ. ಅದನ್ನು ಮುಗಿಸಿ ನಟ್ಟು ಬಿಗಿಯುವಾಗ ಅವ್ವ ಯಾರಿಗೋ, "ಆಕಿ ಕೈ ಹೋಳಿಗಿ ಅಂದ್ರ... ಇರಲಿ, ನನ್ನಷ್ಟು ಬರಂಗಿಲ್ಲ," ಅನ್ನುತ್ತಿದ್ದಳು.

"ಇನ್ನ ನೆಲಕ್ಕ ಇಳಿಸಿದ್ರೂ ನಡೀತೈತಿ ಬಿಡ್ರಿ," ಹೆಂಡತಿ ಪಿಸುಗುಟ್ಟಿದಳು. "ಕಾಲನಿಗೆಲ್ಲ ತಂಗಿ ಮಗಳ ಮದುವಿ ಅಂತ ಹೇಳಿ ಆತು. ಈಗ ಹೋಗದಿದ್ರ ಮರ್ಯಾದಿ ಹೋಗತೈತಿ."

ಆದರೆ ಕಾಯಿದೆ ಕಾಯಿದೆಯೇ. ಕರೆಯಲು ಹೋದರೆ, "ನಾ ಹಿಂದ ಬರಂಗಿಲ್ಲ, ಗಾಡೀನ ಮುಂದ ತರ್ರಿ," ಅಂದಳು. ಗಾಡಿಮನೆಯನ್ನೇ ಎಳೆದು ಕಟ್ಟೆಗೆ ಹಚ್ಚಿದೆವು. ಹೊಸ ಗ್ರೀಸಿನಲ್ಲಿ ಗಾಲಿ ಸದ್ದಿಲ್ಲದೆ ಉರುಳಿತು. ಅವ್ವ ಕಟ್ಟೆಯಿಂದ ನೇರ ಮೆಟ್ಟಿಲಿಗೆ ಕಾಲಿಟ್ಟು ಒಳಗೆ ಹೋದಳು.

ಬೆಳಿಗ್ಗೆ ಇನ್ನೊಂದು ರಗಳೆ. ಓಡುವ ಗಾಡಿಮನೆಯಲ್ಲೂ ಯಾರೂ ಕೂರಬಾರದು. ಜೀಪು ಮುಂದೆಯೇ ಇದೆಯಲ್ಲ ಅಂದದ್ದಕ್ಕೆ ಅವ್ವ ಜಗಳವಿಲ್ಲದೆ ಬಂದಳು, ಕುರ್ಚಿಯ ಮೇಲೆಯೇ. ಜಹೀರಾಬಾದಿನಲ್ಲಿ ಚಹಾಕ್ಕೆ ನಿಲ್ಲಿಸಿ ಗಾಲಿಯ ನಡುಭಾಗ ಮುಟ್ಟಿ ನೋಡಿದೆ. ಉಗುರುಬೆಚ್ಚಗೂ ಇರಲಿಲ್ಲ. ಗೆಳೆಯನನ್ನೂ ಕರೆದು ಮುಟ್ಟಿಸಿದೆ. ಚಹಾ ಕುಡಿದಾದ ಮೇಲೆ ಇನ್ನೊಮ್ಮೆ ಮುಟ್ಟಿಸಿದೆ.

ಬೀದರಿನಲ್ಲಿ ಹಂದರದ ಮುಂದೆ ಗಾಡಿಮನೆ ನಿಲ್ಲಿಸಿ, ಗಾಲಿಗೆ ಕಟ್ಟಿಗೆ ಕೊಟ್ಟು, ಮೂಲೆಯ ಕಾಲು ಇಳಿಸಿ ಅವ್ವನನ್ನು ಒಳಗೆ ಹತ್ತಿಸಿದೆವು. ಓಣಿಯೆಲ್ಲ ಸೇರಿತು. ಚಿಗವ್ವ ಒದ್ದೆ ಕೈ ಸೆರಗಿಗೆ ಒರೆಸುತ್ತ ಓಡಿಬಂದವಳು ಮೆಟ್ಟಿಲ ಕೆಳಗೆ ನಿಂತುಬಿಟ್ಟಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವ್ವ ಬಾಗಿಲಲ್ಲಿ ಕೂತು ಅದನ್ನೇ ನೋಡಿದಳು.

"ಅಕ್ಕಾ, ಇಳೀತಿಯೇನ?"

"ಇಳಿಯಂಗಿಲ್ಲ."

"ಒಂದ ಗುಟುಕು ನೀರರ ಕುಡೀತಿಯೇನ?"

"ನಮ್ಮ ನಳದ ನೀರು ತಂದೀನಿ."

"ಹಂಗಾದ್ರ ನನಗರ ಕೊಡು," ಅಂದವಳೇ ಚಿಗವ್ವ ಮೆಟ್ಟಿಲು ಹತ್ತಿ ಎದುರು ಮಂಚದ ಮೇಲೆ ಕೂತಳು. ಅವ್ವ ಟಾಕಿಯಿಂದ ತಂಬಿಗೆ ತುಂಬಿ ಕೊಟ್ಟಳು. ಚಿಗವ್ವ ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಅಂದಳು, "ಸ್ವಲ್ಪ ಸಪ್ಪಗೈತಿ."

"ಸಪ್ಪಗ?" ಅವ್ವನ ದನಿ ಏರಿತು. "ನಮ್ಮ ನೀರು ಸಪ್ಪಗ? ಮಂಜೀರಾ ನೀರದು! ಹೈದರಾಬಾದಿನ ಮಂದಿ ಬಾಯಿ ಚಪ್ಪರಿಸಿ ಕುಡೀತಾರ!"

"ಮಂಜೀರಾನ?" ಚಿಗವ್ವ ನಕ್ಕುಬಿಟ್ಟಳು. "ಅಯ್ಯ ಅಕ್ಕಾ, ಮಂಜೀರಾ ನಮ್ಮ ಹೊಳಿ! ನಮ್ಮ ಬೀದರ ದಾಟಿನ ನಿಮ್ಮ ಕಡೆ ಬರೋದು. ಇಷ್ಟು ವರ್ಷ ನೀ ಕುಡದದ್ದು ನಮ್ಮೂರ ನೀರ!"

ಅವ್ವ ನನ್ನ ಕಡೆ ತಿರುಗಿದಳು. ಓದಿದ ಮಗ, ತೀರ್ಪು ನಾನೇ ಕೊಡಬೇಕು. "ಹೌದೇನೋ?"

"ಹೌದವ್ವಾ," ಅಂದೆ. "ಬೀದರ ಸೀಮಿ ಹಾದು ಬರತೈತಿ. ಪೈಪಿನ್ಯಾಗ ನಮ್ಮ ಕಾಲನಿಗೆ ಬಿಡ್ತಾರ."

ಅವ್ವ ತಂಬಿಗೆಯಲ್ಲಿ ಉಳಿದ ನೀರನ್ನು ನೋಡಿದಳು. ಅದನ್ನೂ ಕುಡಿದಳು. "ಅಷ್ಟು ವರ್ಷ ಕುಡದಾಗೈತಿ, ಇನ್ನ ಏನ್ ಉಳೀತು," ಅಂತ ಎದ್ದು ನಿಂತು ನಿರಿಗೆ ಸರಿಮಾಡಿಕೊಂಡಳು. "ಅರಿಷಿಣ ಅರದೀರೇನ? ಹುಡುಗಿ ಎಲ್ಲಿ?"

ತಂಗಿಯ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಇಬ್ಬರೂ ಹಂದರ ದಾಟಿ ಬಾಗಿಲ ಕಡೆ ನಡೆದರು. ಅಲ್ಲಿ ಹೊಸ್ತಿಲು, ಅದಕ್ಕೆ ಆಗಷ್ಟೇ ಬಳಿದ ಅರಿಷಿಣ ಕುಂಕುಮ. ನಾನು "ಅವ್ವಾ, ಆಣಿ..." ಅನ್ನಲು ಬಾಯಿ ತೆರೆದೆ.

ಹೆಂಡತಿ ನನ್ನ ಕಾಲನ್ನು ಬಲವಾಗಿ ತುಳಿದಳು.